ಬಿರಡೆ, ಮೊಳೆ, ಪ್ಲಗ್ಗು: ಕಚ್ಚಿಕೊಂಡ ಲೋಹಗಳ ಕಥೆ



ಕಳೆದ ದೀಪಾವಳಿಯ ಮರುದಿನ ಬೆಳಗ್ಗೆ ನಮ್ಮ ಮನೆಯ ಗೇಟಿನ ಚಿಲಕ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮಳೆಗಾಲದುದ್ದಕ್ಕೂ ನೆನೆದು ತುಕ್ಕು ಹಿಡಿದಿತ್ತು. ನಾನು ಸುತ್ತಿಗೆ ತಂದು ಬಡಿಯುತ್ತಿದ್ದಾಗ ಹೊರಗೆ ಒಂದು ಕಾರು ಬಂದು ನಿಂತಿತು. ಇಳಿದವನು ನನ್ನ ಹಳೆಯ ಶಿಷ್ಯ. ಹೆಸರು ಹೇಳಬಾರದೆಂದು ಅವನೇ ಕೇಳಿಕೊಂಡಿರುವುದರಿಂದ ಹೇಳುವುದಿಲ್ಲ. ಗೇಟಿನ ಆಚೆಯಿಂದಲೇ ಕೈಮುಗಿದು, "ಸಾರ್, ದಯವಿಟ್ಟು ಸುತ್ತಿಗೆ ಕೆಳಗಿಡಿ" ಎಂದ. ಕಾರಿನಿಂದ ಒಂದು ಚಿಕ್ಕ ಎಣ್ಣೆಯ ಡಬ್ಬಿ ತೆಗೆದು ಚಿಲಕದ ಸಂದಿಗೆ ನಾಲ್ಕು ತೊಟ್ಟು ಬಿಟ್ಟ. ಸ್ಕ್ರೂ ಡ್ರೈವರಿನ ಹಿಡಿಯಿಂದ ಎರಡು ಬಾರಿ ಮೆಲ್ಲಗೆ ತಟ್ಟಿದ. ಆಮೇಲೆ ಈ ಐವತ್ತು ದಾಟಿದ ಮನುಷ್ಯ ಕಾಂಪೌಂಡು ಹಾರಿ ಒಳಗೆ ಬಂದು, "ಅಮ್ಮ, ಕಾಫಿ ಕೊಡಿ. ಅಷ್ಟು ಹೊತ್ತು ಅದಕ್ಕೂ ಬೇಕು" ಎಂದ. ಒಂದು ಗಂಟೆಯ ನಂತರ ಚಿಲಕ ಎರಡು ಬೆರಳಿನಲ್ಲಿ ಸರಿಯಿತು.

ಅವನು ಮೂವತ್ತು ವರ್ಷಗಳಿಗೂ ಮೀರಿ ಚಿಕ್ಕ ವಿಮಾನಗಳ ದುರಸ್ತಿಯ ಕೆಲಸ ಮಾಡಿದವನು. ಒಂದೇ ಎಂಜಿನ್ನಿನ, ಇಬ್ಬರೋ ನಾಲ್ವರೋ ಕೂರುವ, ಹಾರಾಟ ಕಲಿಯುವವರು ಬಳಸುವ ವಿಮಾನಗಳು ಅವು. ಆ ದಿನ ಜಗಲಿಯಲ್ಲಿ ಕುಳಿತು ಅವನು ಹೇಳಿದ ಸಂಗತಿಗಳು ನನ್ನನ್ನು ಬಹುಕಾಲ ಕಾಡಿದವು. ವಿಜ್ಞಾನ ಕಲಿಸಿದವನಾದರೂ ಚರಿತ್ರೆಯ ಓದು ನನ್ನ ಹಳೆಯ ಹವ್ಯಾಸ ಎಂಬುದನ್ನು ನೀವು ಬಲ್ಲಿರಿ. ಲೋಹ ಲೋಹವನ್ನು ಏಕೆ ಕಚ್ಚಿ ಹಿಡಿಯುತ್ತದೆ, ಅದನ್ನು ಘಾಸಿಯಿಲ್ಲದೆ ಬಿಡಿಸುವುದನ್ನು ಮನುಷ್ಯ ಹೇಗೆ ಕಲಿತ ಎಂಬುದನ್ನು ಓದುತ್ತಾ ಹೋದೆ. ಈ ಬರಹ ಅದರ ಫಲ. ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಥೆ ಆರಂಭವಾಗುವುದು ಆಕಾಶದಲ್ಲಲ್ಲ, ಸಮುದ್ರದಲ್ಲಿ. ಹದಿನೆಂಟನೆಯ ಶತಮಾನದ ಹಡಗುಗಳು ಮರದವು. ಉಷ್ಣವಲಯದ ನೀರಿನಲ್ಲಿ ಒಂದು ಜಾತಿಯ ಹುಳು ಅವುಗಳ ತಳವನ್ನು ಕೊರೆದು ಜರಡಿ ಮಾಡುತ್ತಿತ್ತು. ಇದನ್ನು ತಡೆಯಲು ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ, ಕಬ್ಬಿಣದ ಮೊಳೆಗಳಿಂದ ಬಿಗಿದು, ವೆಸ್ಟ್ ಇಂಡೀಸಿಗೆ ಕಳುಹಿಸಿತು. 1763ರಲ್ಲಿ ಹಿಂದಿರುಗಿದ ಹಡಗನ್ನು ಪರೀಕ್ಷಿಸಿದವರಿಗೆ ಸಂತೋಷವೂ ಆಯಿತು, ದಿಗಿಲೂ ಆಯಿತು. ಹುಳುವಿನ ಕಾಟ ಇರಲಿಲ್ಲ, ತಾಮ್ರ ಚೊಕ್ಕಟವಾಗಿತ್ತು. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿ ಮುದ್ದೆಯಾಗಿದ್ದವು. ಅಲ್ಲಲ್ಲಿ ಕೆಲವು ಮೊಳೆಗಳು ಮಾತ್ರ ಗಟ್ಟಿಯಾಗಿಯೇ ಉಳಿದಿದ್ದವು. ಏಕೆಂದು ನೋಡಿದರೆ, ತಾಮ್ರದ ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದದ ಚೂರುಗಳು ಆ ಮೊಳೆಗಳ ತಲೆಯ ಕೆಳಗೆ ಸಿಕ್ಕಿಹಾಕಿಕೊಂಡಿದ್ದವು. ಎರಡು ಲೋಹಗಳ ನಡುವೆ ಒಂದು ಕಾಗದ ಅಡ್ಡ ಬಂದದ್ದೇ ಮೊಳೆಯನ್ನು ಉಳಿಸಿತ್ತು.

ಅಂದಿನವರಿಗೆ ಇದರ ಮರ್ಮ ತಿಳಿಯಲು ಸಾಧನವಿರಲಿಲ್ಲ. 1791ರಲ್ಲಿ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲು ಎರಡು ಲೋಹಗಳ ಸ್ಪರ್ಶದಿಂದ ಅದುರುವುದನ್ನು ಕುರಿತು ಪ್ರಕಟಿಸಿದ. 1800ರಲ್ಲಿ ವೋಲ್ಟಾ ಎರಡು ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನಿಟ್ಟು ವಿದ್ಯುತ್ಕೋಶ ಮಾಡಿದ. ನಾನು ಒಂಬತ್ತನೆಯ ತರಗತಿಯಲ್ಲಿ ನಿಂಬೆಹಣ್ಣಿಗೆ ತಾಮ್ರದ ತಂತಿ ಮತ್ತು ಸತುವಿನ ಪಟ್ಟಿ ಚುಚ್ಚಿ ತೋರಿಸುತ್ತಿದ್ದುದು ನೆನಪಿರಬಹುದು. ಅಲಾರ್ಮ್ ಹಡಗಿನ ತಳದಲ್ಲಿ ನಡೆದದ್ದೂ ಅದೇ. ತಾಮ್ರ, ಕಬ್ಬಿಣ, ನಡುವೆ ಉಪ್ಪುನೀರು. ಹಡಗಿನ ತಳವೇ ಒಂದು ದೊಡ್ಡ ವಿದ್ಯುತ್ಕೋಶವಾಗಿ, ಅದರಲ್ಲಿ ದುರ್ಬಲವಾದ ಲೋಹ ಸವೆದುಹೋಗಿತ್ತು. 1824ರಲ್ಲಿ ಹಂಫ್ರಿ ಡೇವಿ ಈ ತತ್ತ್ವವನ್ನೇ ತಿರುಗಿಸಿ, ತಾಮ್ರವನ್ನು ಉಳಿಸಲು ಸತು ಮತ್ತು ಕಬ್ಬಿಣದ ತುಂಡುಗಳನ್ನು ಬೇಕೆಂದೇ ಹಡಗಿಗೆ ಜೋಡಿಸಿ ಅವು ಸವೆಯುವಂತೆ ಮಾಡಿದ. ತಾಮ್ರ ಉಳಿಯಿತು. ಆದರೆ ಸವೆಯದ ತಾಮ್ರದ ಮೇಲೆ ಪಾಚಿಯೂ ಚಿಪ್ಪುಜೀವಿಗಳೂ ಮತ್ತೆ ಅಂಟಿಕೊಂಡು ಹಡಗಿನ ವೇಗ ಕುಂದಿತು. ನಿಸರ್ಗ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಹಡಗಿಗೂ ವಿಮಾನಕ್ಕೂ ಏನು ಸಂಬಂಧ ಎನ್ನುವಿರಾ? ವಿಮಾನ ಹಗುರವಾಗಬೇಕು. ಹಗುರವಾದ ಲೋಹ ಅಲ್ಯೂಮಿನಿಯಂ. ಅದನ್ನು ಅಗ್ಗವಾಗಿ ತೆಗೆಯುವ ವಿಧಾನವನ್ನು 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಏರೂ ಪರಸ್ಪರ ಅರಿಯದೆ ಬೇರೆಬೇರೆಯಾಗಿ ಕಂಡುಹಿಡಿದರು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡದ್ದು 1914ರಲ್ಲಿ! ಆದರೆ ಇಡೀ ಯಂತ್ರವನ್ನು ಅಲ್ಯೂಮಿನಿಯಮಿನಿಂದಲೇ ಮಾಡಲಾಗದು. ಬೋಲ್ಟು, ಸ್ಕ್ರೂ, ಪ್ಲಗ್ಗುಗಳಿಗೆ ಉಕ್ಕಿನ ಬಲ ಬೇಕು. ಹೀಗೆ ಉಕ್ಕಿಗೂ ಅಲ್ಯೂಮಿನಿಯಮಿಗೂ ಗಂಟು ಬಿತ್ತು. ತೇವ ಸೇರಿದೊಡನೆ ಅಲಾರ್ಮ್ ಹಡಗಿನ ಕಥೆಯೇ ಮರುಕಳಿಸುತ್ತದೆ. ಈ ಬಾರಿ ಸವೆಯುವುದು ಅಲ್ಯೂಮಿನಿಯಂ. ಸವೆದು ಉಂಟಾದ ಬಿಳಿಯ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಸ್ಕ್ರೂವಿನ ಸುರುಳಿಗಳ ಸಂದಿಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಪುಡಿ ಒತ್ತಿ ಒತ್ತಿ ಗಾರೆಯಂತೆ ಗಟ್ಟಿಯಾಗಿ ಎರಡನ್ನೂ ಒಂದಾಗಿಸುತ್ತದೆ. ಕಬ್ಬಿಣದ ತುಕ್ಕಿನದೂ ಇದೇ ಸ್ವಭಾವ.

ಮೊಟ್ಟಮೊದಲ ವಿಮಾನದಲ್ಲಿಯೇ ಈ ಎರಡು ಲೋಹಗಳ ಜೋಡಿಯಿತ್ತು. ರೈಟ್ ಸಹೋದರರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರಗಳಲ್ಲಿ ತಯಾರಿಸಿದ ಎಂಜಿನ್ನಿನ ಒಡಲು ಅಲ್ಯೂಮಿನಿಯಮಿನದು, ಅದರೊಳಕ್ಕೆ ತಿರುಪಿ ಕೂಡಿಸಿದ ಸಿಲಿಂಡರುಗಳು ಎರಕದ ಕಬ್ಬಿಣದವು. 1903ರ ಫೆಬ್ರವರಿ 12ರಂದು ಎಂಜಿನ್ ಮೊದಲ ಬಾರಿ ಓಡಿತು. ಮರುದಿನವೇ ಬೇರಿಂಗುಗಳ ಮೇಲೆ ಪೆಟ್ರೋಲು ತೊಟ್ಟಿಕ್ಕಿ ಅವು ಹಿಡಿದುಕೊಂಡುಬಿಟ್ಟವು. ತಿರುಗುತ್ತಿದ್ದುದು ಥಟ್ಟನೆ ಕಚ್ಚಿ ನಿಂತ ಹೊಡೆತಕ್ಕೆ ಎಂಜಿನ್ನಿನ ಒಡಲೇ ಒಡೆಯಿತು. ಹೊಸ ಎರಕ ಕೈಸೇರಿದ್ದು ಏಪ್ರಿಲ್ 20ರಂದು. ಒಂದು ಕ್ಷಣದ ಕಚ್ಚಾಟಕ್ಕೆ ಎರಡು ತಿಂಗಳು ದಂಡ. ಮುಂದೆ ನವೆಂಬರಿನಲ್ಲಿ, ಕಿಟ್ಟಿ ಹಾಕಿನ ಮರಳದಿಣ್ಣೆಯ ಬಳಿ, ತೊಂದರೆ ತಿರುಗುಮುರುಗಾಯಿತು. ಪ್ರೊಪೆಲರಿನ ದಂಡದ ಮೇಲಿನ ಹಲ್ಲುಚಕ್ರಗಳು ಎಷ್ಟು ಬಿಗಿದರೂ ಸಡಿಲವಾಗತೊಡಗಿದವು. ಸಹೋದರರು ಸೈಕಲ್ ಟೈರಿಗೆ ಬಳಸುವ ಅಂಟನ್ನು ಕಾಯಿಸಿ ಸುರಿದು ಅವನ್ನು ಗಟ್ಟಿಮಾಡಿದರು. ಡಿಸೆಂಬರ್ 17ರಂದು 12 ಸೆಕೆಂಡುಗಳ ಆ ಹಾರಾಟ ನಡೆಯಿತು. ಸಡಿಲವಾಗಬೇಕಾದದ್ದು ಕಚ್ಚಿಕೊಳ್ಳಬಾರದು, ಕಚ್ಚಿಕೊಳ್ಳಬೇಕಾದದ್ದು ಸಡಿಲವಾಗಬಾರದು. ಇಂದಿಗೂ ವಿಮಾನ ದುರಸ್ತಿಯ ಬಹುಪಾಲು ಕೆಲಸ ಇಷ್ಟೇ ಎಂದು ನನ್ನ ಶಿಷ್ಯ ನಗುತ್ತಾ ಹೇಳಿದ.

ಇನ್ನು ಅಲ್ಯೂಮಿನಿಯಮಿನ ಸ್ವಭಾವಕ್ಕೆ ಬರೋಣ. ಶುದ್ಧ ಅಲ್ಯೂಮಿನಿಯಂ ಮೆತ್ತನೆಯ ಲೋಹ. 1906ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಅದಕ್ಕೆ ಸುಮಾರು ಶೇಕಡಾ 4ರಷ್ಟು ತಾಮ್ರ, ಸ್ವಲ್ಪ ಮೆಗ್ನೀಷಿಯಂ ಬೆರೆಸಿ, ಕಾಯಿಸಿ, ನೀರಿನಲ್ಲಿ ಅದ್ದಿ ತಣಿಸಿ ನೋಡಿದ. ಕೂಡಲೇ ಅಳೆದಾಗ ವಿಶೇಷವೇನೂ ಕಾಣಲಿಲ್ಲ. ಎರಡು ದಿನ ಸುಮ್ಮನೆ ಇಟ್ಟು ಅದೇ ತುಂಡನ್ನು ಮತ್ತೆ ಅಳೆದಾಗ ಅದು ತಾನಾಗಿಯೇ ಬಹಳ ಗಟ್ಟಿಯಾಗಿತ್ತು! ಇದೇ ಡ್ಯೂರಾಲ್ಯುಮಿನ್. ಮೊದಲ ಮಹಾಯುದ್ಧದ ಜೆಪ್ಪಲಿನ್ ವಾಯುನೌಕೆಗಳ ಎಲುಬು ಇದರದೇ. ಸ್ವಾರಸ್ಯವೆಂದರೆ ರೈಟ್ ಸಹೋದರರ ಎಂಜಿನ್ನಿನ ಒಡಲಿನಲ್ಲಿಯೂ ಶೇಕಡಾ 8ರಷ್ಟು ತಾಮ್ರವಿದ್ದು, ಅದೂ ಯಾರಿಗೂ ತಿಳಿಯದಂತೆ ಇದೇ ರೀತಿಯಲ್ಲಿ ಗಟ್ಟಿಯಾಗಿತ್ತೆಂದು 1994ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಈ ಗಟ್ಟಿತನ ಬಂದದ್ದು ಲೋಹದೊಳಗೆ ನಿಧಾನವಾಗಿ ಮೂಡಿದ ಅತಿಸೂಕ್ಷ್ಮ ಕಣಗಳಿಂದ. ಮತ್ತೆ ಅತಿಯಾಗಿ ಕಾಯಿಸಿದರೆ ಆ ಕಣಗಳು ಊದಿಕೊಂಡು ಗಟ್ಟಿತನ ಹೋಗಿಬಿಡುತ್ತದೆ.

ಕಚ್ಚಿಕೊಂಡ ಭಾಗವನ್ನು ಬಿಡಿಸುವವನಿಗೆ ಇದು ಜೀವನ್ಮರಣದ ಪಾಠ. ನಮ್ಮೂರ ಕಮ್ಮಾರ ಎತ್ತಿನಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತೊಡಿಸುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ನೋಡಿರುವಿರಿ. ಕಾದಾಗ ಹಿಗ್ಗಿದ ಪಟ್ಟಿ ಸುಲಭವಾಗಿ ಕೂರುತ್ತದೆ, ನೀರು ಹೊಯ್ದಾಗ ಕುಗ್ಗಿ ಬಿಗಿಯುತ್ತದೆ. ಬಿಡಿಸುವಾಗಲೂ ಇದೇ ಉಪಾಯ. ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತದೆ, ಉಕ್ಕು ಸುಮಾರು 12 ಭಾಗ. ಆದುದರಿಂದ ಎರಡನ್ನೂ ಒಟ್ಟಿಗೆ ಹದವಾಗಿ ಬೆಚ್ಚಗೆ ಮಾಡಿದರೂ ಹೊರಗಿನ ಅಲ್ಯೂಮಿನಿಯಂ ಒಳಗಿನ ಉಕ್ಕಿಗಿಂತ ಹೆಚ್ಚು ಹಿಗ್ಗಿ ಹಿಡಿತ ಬಿಡುತ್ತದೆ. ಆದರೆ ಕಮ್ಮಾರನಂತೆ ಜ್ವಾಲೆ ಹಿಡಿದರೆ ಕೆಟ್ಟಿತು. ಕಬ್ಬಿಣ ಕೆಂಪಗಾಗಿ ನಮ್ಮನ್ನು ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆ, ನೋಡಲು ಮೊದಲಿನಂತೆಯೇ ಇದ್ದು, ಒಳಗೊಳಗೇ ತನ್ನ ಕಸುವನ್ನು ಕಳೆದುಕೊಂಡಿರುತ್ತದೆ. ಭಾಗ ಬಿಡಿಸಿಕೊಂಡು ಬಂದಿರುತ್ತದೆ, ಮೆಕ್ಯಾನಿಕ್ಕನಿಗೆ ಸಮಾಧಾನವಾಗಿರುತ್ತದೆ, ವಿಮಾನ ಮಾತ್ರ ಮುಂದೊಂದು ದಿನ ಗಾಳಿಯಲ್ಲಿ ಕೈಕೊಡುತ್ತದೆ.

ಎಣ್ಣೆಗೂ ಒಂದು ಚರಿತ್ರೆಯಿದೆ. ಇಂದು ಮನೆಮನೆಯಲ್ಲಿರುವ ನೀಲಿ-ಹಳದಿ ಡಬ್ಬಿಯ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯೇಗೊದ ಒಂದು ಪುಟ್ಟ ಕಂಪನಿಯಲ್ಲಿ. ಅದರ ಹೆಸರಿನ ಅರ್ಥವೇ ನೀರನ್ನು ಹೊರದೂಡುವ, ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿದ ದ್ರವ ಎಂದು. ಅಟ್ಲಾಸ್ ಕ್ಷಿಪಣಿಯ ತೆಳುವಾದ ಹೊರಕವಚಕ್ಕೆ ತುಕ್ಕು ಹಿಡಿಯದಂತೆ ಅದನ್ನು ಬಳಿಯುತ್ತಿದ್ದರು. ಕಾರ್ಖಾನೆಯ ಕೆಲಸಗಾರರು ಮನೆಗೆ ಒಯ್ಯತೊಡಗಿದ ಮೇಲೆ 1958ರಲ್ಲಿ ಅಂಗಡಿಗೆ ಬಂತು. ಇದು ತುಕ್ಕು ಹಿಡಿಯದಂತೆ ತಡೆಯಲು ಹುಟ್ಟಿದ ದ್ರವ. ಬಲವಾಗಿ ಕಚ್ಚಿಕೊಂಡ ಬೋಲ್ಟಿಗೆ ಇನ್ನೂ ತೆಳುವಾಗಿ ಹರಿದು ಸಂದಿಗೆ ಇಳಿಯುವ ಬೇರೆ ಎಣ್ಣೆಗಳೇ ಇವೆ. ಯಾವ ಎಣ್ಣೆಯಾದರೂ ಅದಕ್ಕೆ ಬೇಕಾದದ್ದು ಹೊತ್ತು. ಸಂಜೆ ಹಾಕಿ, ಮೆಲ್ಲಗೆ ತಟ್ಟಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮತ್ತೆ ಹಾಕಿ ತಟ್ಟಬೇಕು. ತಟ್ಟುವುದು ಬಲಪ್ರಯೋಗಕ್ಕಲ್ಲ, ಗಾರೆಯಂತಾದ ತುಕ್ಕಿನಲ್ಲಿ ಕೂದಲೆಳೆಯ ಬಿರುಕು ಮೂಡಿ ಎಣ್ಣೆಗೆ ದಾರಿಯಾಗಲಿ ಎಂದು. ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸುವ ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟು ಅಲುಗಿಸಬೇಕು. ಅಲುಗಿತೆಂದರೆ ಅರ್ಧ ಗೆದ್ದಂತೆ.

ಸ್ಕ್ರೂಗಳ ವಿಚಾರವೂ ಹೀಗೆಯೇ. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಹಕ್ಕುಪತ್ರ ಪಡೆದ ನಕ್ಷತ್ರ ತಲೆಯ ಸ್ಕ್ರೂ ವಿಮಾನಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು. ಅದರ ಒಂದು ಗುಣವೆಂದರೆ ಬಲ ಹೆಚ್ಚಾದಾಗ ಸ್ಕ್ರೂ ಡ್ರೈವರು ಮೇಲಕ್ಕೆ ಜಾರಿಬಿಡುತ್ತದೆ. ಕಚ್ಚಿಕೊಂಡ ಸ್ಕ್ರೂವಿನಲ್ಲಿ ಹೀಗೆ ಎರಡು ಬಾರಿ ಜಾರಿದರೆ ತಲೆಯ ಗುಳಿ ಸವೆದು ಗುಂಡಗಾಗುತ್ತದೆ, ಮತ್ತೆ ಯಾವ ಸಾಧನಕ್ಕೂ ಹಿಡಿತ ಸಿಗುವುದಿಲ್ಲ. ಆದುದರಿಂದ ತುದಿ ಸವೆಯದ, ಸರಿಯಾದ ಅಳತೆಯ ಸಾಧನವನ್ನೇ ಬಳಸಬೇಕು. ವಾಲ್ವ್ ಉಜ್ಜಲು ಬಳಸುವ ಮರಳು ಮರಳಾದ ಲೇಪವನ್ನು ತುದಿಗೆ ಒಂದಿಷ್ಟು ಹಚ್ಚಿದರೆ ಹಿಡಿತ ಹೆಚ್ಚುತ್ತದೆಂದು ನನ್ನ ಶಿಷ್ಯ ಹೇಳಿದ. ಯಾವುದಕ್ಕೂ ಬಗ್ಗದಿದ್ದರೆ ಸ್ಕ್ರೂವನ್ನೇ ಕೊರೆದು ತೆಗೆಯುತ್ತಾರೆ. "ಸ್ಕ್ರೂ ಹೊಸದು ಸಿಗುತ್ತದೆ ಸಾರ್, ರೆಕ್ಕೆ ಸಿಗುವುದಿಲ್ಲ. ಯಾವುದನ್ನು ಬಲಿಕೊಡಬೇಕು, ಯಾವುದನ್ನು ಉಳಿಸಬೇಕು ಎಂದು ಸ್ಪ್ಯಾನರು ಹಿಡಿಯುವ ಮೊದಲೇ ತೀರ್ಮಾನಿಸಿಕೊಂಡಿರಬೇಕು" ಎಂದ. ಡೇವಿ ಸತುವಿನ ತುಂಡುಗಳಿಂದ ತಾಮ್ರವನ್ನು ಉಳಿಸಿದ್ದು ನನಗೆ ನೆನಪಾಯಿತು.

ಚಿಕ್ಕ ವಿಮಾನಗಳಲ್ಲಿ ಹೆಚ್ಚು ಕಾಡುವ ಇನ್ನೊಂದು ಭಾಗ ಸ್ಪಾರ್ಕ್ ಪ್ಲಗ್. ಇದರ ಬೆಲೆಯನ್ನು ತಿಳಿಯಲು ನಮ್ಮ ದೇಶದ್ದೇ ಒಂದು ಪ್ರಸಂಗವಿದೆ. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡುಗಳ ಬಹುಮಾನ ಘೋಷಿಸಿದ್ದರು. 1930ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪಶ್ಚಿಮಕ್ಕೆ ಹೊರಟರು. ಹದಿನೇಳು ವರ್ಷದ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಪೂರ್ವಕ್ಕೆ ಹೊರಟರು. ಇಬ್ಬರದೂ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನ. ಈಜಿಪ್ಟಿನ ಅಬುಕೀರಿನಲ್ಲಿ ಇಬ್ಬರೂ ಸಂಧಿಸಿದಾಗ ಆಸ್ಪಿ ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ಅಲ್ಲಿಯೇ ಉಳಿದಿದ್ದರು. ಸ್ಪರ್ಧಿಯಾಗಿದ್ದರೂ ಜೆ.ಆರ್.ಡಿ. ತಮ್ಮ ಬಳಿಯಿದ್ದ ಹೆಚ್ಚುವರಿ ಪ್ಲಗ್ಗುಗಳನ್ನು ಕೊಟ್ಟರು. ಆಸ್ಪಿ ಮುಂದೆ ಸಾಗಿ ಕೆಲವೇ ಗಂಟೆಗಳ ಅಂತರದಲ್ಲಿ ಬಹುಮಾನ ಗೆದ್ದರು, ಮುಂದೆ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರೂ ಆದರು. ಬೆರಳುದ್ದದ ಒಂದು ವಸ್ತು ಸರಿಯಿಲ್ಲದಿದ್ದರೆ ವಿಮಾನ ನೆಲ ಬಿಡುವುದಿಲ್ಲ.

ಇದೇ ಪ್ಲಗ್ಗು ಎಂಜಿನ್ನಿನ ತಲೆಯಲ್ಲಿ ಕಚ್ಚಿಕೊಂಡರೆ? ಪ್ಲಗ್ಗಿನ ಮೈ ಉಕ್ಕು, ಸಿಲಿಂಡರಿನ ತಲೆ ಅಲ್ಯೂಮಿನಿಯಂ. ಇಂಗಾಲ, ಸೀಸ, ಬಿಸಿ ಎಲ್ಲವೂ ಸೇರಿ ಸುರುಳಿಗಳನ್ನು ಬೆಸೆದುಬಿಡುತ್ತವೆ. ನನ್ನ ಶಿಷ್ಯ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ರಾತ್ರಿ ಶೆಡ್ಡಿನಲ್ಲಿ ಒಬ್ಬನೇ ಇದ್ದಾಗ, ಇಂಥದೇ ಒಂದು ಪ್ಲಗ್ಗು ಬಿಡಿಸಲು ಹೋದ. ಬಾರದಿದ್ದಾಗ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ತೊಡಿಸಿ ಎಳೆದ. ಪ್ಲಗ್ಗು ಬಂತು. ಅದರ ಜೊತೆಗೆ ಸಿಲಿಂಡರಿನ ತಲೆಯ ಸುರುಳಿಗಳೂ ಕಿತ್ತು ಬಂದವು. ಬೆಳಗ್ಗೆ ಆರೂವರೆಗೆ ಆ ವಿಮಾನ ಒಬ್ಬ ಕಲಿಯುವ ಹುಡುಗನನ್ನು ಹೊತ್ತು ಹಾರಬೇಕಿತ್ತು.

"ಹೊಸ ಪ್ಲಗ್ಗಿಗೆ ಸ್ವಲ್ಪ ಲೇಪ ಹಚ್ಚಿ ತಿರುಗಿಸಿದರೆ ಹೇಗೋ ಕೂರುತ್ತಿತ್ತು ಸಾರ್. ಯಾರಿಗೂ ತಿಳಿಯುತ್ತಿರಲಿಲ್ಲ" ಎಂದ ಅವನು. ಹಾಗೆ ಕೂರಿಸಿದ ಪ್ಲಗ್ಗು ಹಾರಾಟದ ನಡುವೆ ಒತ್ತಡಕ್ಕೆ ಚಿಮ್ಮಿ ಹೋದರೆ ಆ ಸಿಲಿಂಡರಿನ ಬಲ ಅಷ್ಟೂ ನಷ್ಟ, ಉರಿಯುವ ಅನಿಲ ಹೊರಬಂದು ಬೆಂಕಿಯ ಭಯ ಬೇರೆ. ಒಂದೇ ಎಂಜಿನ್ನಿನ ವಿಮಾನಕ್ಕೆ ಇನ್ನೊಂದು ಆಸರೆಯಿಲ್ಲ. ನಡುರಾತ್ರಿಯಿಂದ ನಾಲ್ಕು ಗಂಟೆಯವರೆಗೆ ಅವನು ಆ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಕುಳಿತಿದ್ದನಂತೆ. ಐದು ಗಂಟೆಗೆ ಹಿರಿಯ ಎಂಜಿನಿಯರ್ ಬಂದಾಗ ಅಂಗೈ ಬಿಚ್ಚಿ ತೋರಿಸಿದ. ಅವರು ಬೈಯಲಿಲ್ಲ. "ಯಾವ ಸಿಲಿಂಡರ್?" ಎಂದು ಮಾತ್ರ ಕೇಳಿದರು. ವಿಮಾನವನ್ನು ಹಾರಾಟದಿಂದ ತಡೆದು, ದಾಖಲೆಯ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಆಮೇಲೆ ಇನ್ನೊಂದು ವಿಮಾನದ ಬಳಿ ಅವನನ್ನು ಕರೆದೊಯ್ದು, ಕಚ್ಚಿಕೊಂಡ ಪ್ಲಗ್ಗನ್ನು ಬಿಡಿಸುವ ಕ್ರಮ ತೋರಿಸಿದರು.

ಆ ಕ್ರಮ ಹೀಗಿದೆ. ಎಂಜಿನ್ ಓಡಿ ಸಿಲಿಂಡರಿನ ತಲೆ ಇನ್ನೂ ಬೆಚ್ಚಗಿರುವಾಗ, ಪ್ಲಗ್ಗಿನ ಟೊಳ್ಳಿನೊಳಕ್ಕೆ ಆಲಿಕೆಯಂಥ ಮೂತಿಯ ಮೂಲಕ ಇಂಗಾಲದ ಡೈಆಕ್ಸೈಡಿನ ಧಾರೆಯನ್ನು ಹಾಯಿಸುತ್ತಾರೆ. ಆ ಅನಿಲ ಚಿಮ್ಮುತ್ತಲೇ ಸೊನ್ನೆಗಿಂತ ಎಷ್ಟೋ ಕೆಳಗಿನ ತಂಪಿಗೆ ಇಳಿಯುತ್ತದೆ. ಹೊರಗಿನ ಅಲ್ಯೂಮಿನಿಯಂ ಬಿಸಿಯಾಗಿ ಹಿಗ್ಗಿದೆ, ಒಳಗಿನ ಪ್ಲಗ್ಗು ತಣ್ಣಗಾಗಿ ಕುಗ್ಗುತ್ತದೆ. ಲೆಕ್ಕ ಮಾಡಿ ನೋಡಿ: ವಿಮಾನದ ಪ್ಲಗ್ಗಿನ ಸುರುಳಿಯ ವ್ಯಾಸ 18 ಮಿಲಿಮೀಟರ್. ಉಕ್ಕು 100 ಡಿಗ್ರಿ ತಣಿದರೆ ಆ ವ್ಯಾಸ ಕುಗ್ಗುವುದು ಸುಮಾರು 0.02 ಮಿಲಿಮೀಟರ್, ಅಂದರೆ ತಲೆಗೂದಲಿನ ದಪ್ಪದ ಕಾಲು ಭಾಗದಷ್ಟು. ಅಷ್ಟೇ ಸಾಕು. ಪೈಪು ತೊಡಿಸಿದ ಬಲಕ್ಕೆ ಬಗ್ಗದ್ದು, ಈ ಕಾಲು ಕೂದಲಿನ ಅಂತರಕ್ಕೆ ಬಿಟ್ಟುಕೊಡುತ್ತದೆ. ಹೊಸ ಪ್ಲಗ್ಗನ್ನು ಕೂರಿಸುವಾಗ ಕಚ್ಚದಿರುವ ಲೇಪವನ್ನು ತೆಳುವಾಗಿ, ತುದಿಯ ಸುರುಳಿಯನ್ನು ಬಿಟ್ಟು ಹಚ್ಚುತ್ತಾರೆ. ಅಲಾರ್ಮ್ ಹಡಗಿನ ಮೊಳೆಯ ಕೆಳಗಿದ್ದ ಕಂದು ಕಾಗದದಂತೆ ಇದೂ ಎರಡು ಲೋಹಗಳ ನಡುವಿನ ಒಂದು ತೆರೆ. (ಮನೆಯ ಗೇಟಿಗೆ ನೀವೇ ಎಣ್ಣೆ ಹಾಕಬಹುದು. ವಿಮಾನಕ್ಕೆ ಕೈಹಚ್ಚಲು ಮಾತ್ರ ಪರವಾನಗಿ ಬೇಕು ಎಂಬುದನ್ನು ನಮ್ಮ ತುಂಟ ಮೊಮ್ಮಕ್ಕಳಿಗಾಗಿ ಹೇಳಿಡುತ್ತೇನೆ.)

ಮೂಲೆಮೂಲೆಯ ಇಂಥ ಜಾಣ್ಮೆ ನಮ್ಮ ನಾಡಿನಲ್ಲೂ ಬೆಳೆದಿದೆ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ರೂಪುಗೊಂಡ 'ಪುಷ್ಪಕ್' ಎಂಬ ಎರಡು ಆಸನಗಳ ಪುಟ್ಟ ವಿಮಾನ 1958ರಲ್ಲಿ ಮೊದಲು ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರಿನವರು ಅದರಲ್ಲಿ ಹಾರಾಟ ಕಲಿತರು. ಅಂಥ ವಿಮಾನಗಳನ್ನು ಮಳೆ, ಧೂಳು, ಸೆಕೆಗಳ ನಡುವೆ ವರ್ಷಾನುಗಟ್ಟಲೆ ಕಾಪಾಡಿದ ಮೆಕ್ಯಾನಿಕ್ಕರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ.

ಆ ಹಿರಿಯ ಎಂಜಿನಿಯರ್ ಏಕೆ ಬೈಯಲಿಲ್ಲ ಎಂದು ಕೇಳಿದೆ. "ಬೈದರೆ ಮುಂದಿನ ಹುಡುಗ ಮುಚ್ಚಿಡುತ್ತಾನೆ ಸಾರ್" ಎಂದ. ವಿಮಾನಯಾನ ಈ ಪಾಠವನ್ನು ಕಲಿತದ್ದು ಬಹಳ ಬೆಲೆ ತೆತ್ತು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ಒಂದು ವಿಮಾನ ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಅದಕ್ಕೆ ಆರು ವಾರಗಳ ಹಿಂದೆ ಅದೇ ಜಾಗದಲ್ಲಿ, ಅದೇ ತಪ್ಪು ಗ್ರಹಿಕೆಯಿಂದ ಇನ್ನೊಂದು ಕಂಪನಿಯ ವಿಮಾನ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸುದ್ದಿ ಉಳಿದ ಕಂಪನಿಗಳಿಗೆ ತಲುಪಿರಲಿಲ್ಲ. ಅದರ ನಂತರ 1976ರಲ್ಲಿ ಅಮೆರಿಕದಲ್ಲಿ, ತಪ್ಪನ್ನು ತಾವಾಗಿಯೇ ಬರೆದು ತಿಳಿಸುವವರ ಹೆಸರನ್ನು ಗುಟ್ಟಾಗಿಡುವ ಏರ್ಪಾಡು ನಾಸಾದ ಮೂಲಕ ಜಾರಿಗೆ ಬಂತು. ಶಿಕ್ಷೆಯ ಭಯವಿದ್ದಲ್ಲಿ ಸತ್ಯ ಕಚ್ಚಿಕೊಂಡು ಕೂರುತ್ತದೆಂದು ಅವರು ಅರಿತರು.

ಈಗ ಆ ಇನ್ನೊಂದು ಕಾರಣಕ್ಕೆ ಬರುತ್ತೇನೆ.

1986ರ ಜುಲೈ ತಿಂಗಳು. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಕಾಸ್ಟಿಕ್ ಸೋಡಾ ದ್ರಾವಣದ ಸೀಸೆಯ ಗಾಜಿನ ಬಿರಡೆ ಕಚ್ಚಿಕೊಂಡಿತ್ತು. ತೆಗೆದುಕೊಡು ಎಂದು ನಾನೇ ಹತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಹೇಳಿ ಸ್ಟಾಫ್ ರೂಮಿಗೆ ಹೋದೆ. ಅವನು ಹೆಣಗಾಡಿ, ಕೊನೆಗೆ ಮೇಜಿನ ಅಂಚಿಗೆ ತಟ್ಟಿದ. ಸೀಸೆಯ ಕುತ್ತಿಗೆ ಮುರಿಯಿತು. ಹೆದರಿ, ಚೂರುಗಳನ್ನು ಬೀರುವಿನ ಹಿಂದೆ ಅಡಗಿಸಿದ. ಮರುದಿನ ಕಸ ಗುಡಿಸಲು ಬಂದ ಆಯಾ ಅವರ ಕೈಗೆ ಗಾಜು ಚುಚ್ಚಿ, ಕ್ಷಾರ ತಾಗಿ ಬೆರಳುಗಳು ಸುಟ್ಟವು. ನಾನು ತರಗತಿಯಲ್ಲಿ ಎಲ್ಲರೆದುರು ಅವನಿಗೆ ಬೆತ್ತದಿಂದ ಎಂಟು ಏಟು ಹೊಡೆದೆ. ಏಕೆ ಮುರಿಯಿತು ಎಂದು ಒಂದು ಮಾತು ಕೇಳಲಿಲ್ಲ.

ಅಂದು ಸಂಜೆ ಮನೆಯಲ್ಲಿ ಕುಳಿತಾಗ ನನಗೆ ಹೊಳೆಯಿತು. ಕ್ಷಾರದ ದ್ರಾವಣ ಗಾಜನ್ನು ಮೆಲ್ಲಗೆ ತಿನ್ನುತ್ತದೆ, ಹಾಗೆ ತಿಂದು ಉಂಟಾದ ವಸ್ತು ಅಂಟಿನಂತೆ ಬಿರಡೆಯನ್ನು ಬೆಸೆಯುತ್ತದೆ. ಅದಕ್ಕೇ ಅಂಥ ಸೀಸೆಗೆ ರಬ್ಬರಿನ ಬಿರಡೆಯನ್ನೇ ಹಾಕಬೇಕು. ನಾನೇ ಪಾಠ ಮಾಡುತ್ತಿದ್ದ ವಿಷಯ. ಹಿಂದಿನ ವರ್ಷ ರಬ್ಬರಿನ ಬಿರಡೆಗಳು ಮುಗಿದಿದ್ದವೆಂದು ಗಾಜಿನದನ್ನು ಹಾಕಿ ಮುಚ್ಚಿಟ್ಟವನು ನಾನು. ತಪ್ಪು ನನ್ನದು, ಏಟು ಅವನದು. ಮರುದಿನ ಶಾಲೆಗೆ ಹೋಗಿ ಅದನ್ನು ಹೇಳಬಹುದಿತ್ತು. ಹೇಳಲಿಲ್ಲ. ಮೇಷ್ಟರ ಗೌರವ ಏನಾಗಬೇಕು ಎಂಬ ಭಯ. ಆ ಹುಡುಗನಂತೆ ನಾನೂ ಚೂರುಗಳನ್ನು ಬೀರುವಿನ ಹಿಂದೆ ಅಡಗಿಸಿದೆ. 2009ರಲ್ಲಿ ಮಕ್ಕಳನ್ನು ಹೊಡೆಯುವುದನ್ನು ಕಾನೂನು ನಿಷೇಧಿಸಿದಾಗ ಸ್ಟಾಫ್ ರೂಮಿನಲ್ಲಿ ಅದರ ಪರವಾಗಿ ಗಟ್ಟಿಯಾಗಿ ಮಾತನಾಡಿದವನೂ ನಾನೇ. ಆಗಲೂ ಇದನ್ನು ಹೇಳಲಿಲ್ಲ.

ಗೇಟಿನ ಚಿಲಕಕ್ಕೆ ಎಣ್ಣೆ ಬಿಟ್ಟವನು ಅದೇ ಹುಡುಗ ಎಂದು ನೀವು ಊಹಿಸಿರಬಹುದು. ಪ್ಲಗ್ಗಿನ ಕಥೆ ಮುಗಿಸಿ ಅವನು ಲೋಟ ಕೆಳಗಿಟ್ಟಾಗ, ಬಹಳ ಕಷ್ಟಪಟ್ಟು, "ಆ ಬಿರಡೆಯ ವಿಷಯ... ತಪ್ಪು ನನ್ನದಾಗಿತ್ತು" ಎಂದೆ. ಅವನು ಸ್ವಲ್ಪ ಹೊತ್ತು ಅಂಗಳವನ್ನು ನೋಡುತ್ತಿದ್ದು, "ಗೊತ್ತು ಸಾರ್. ಪಿಯುಸಿಯಲ್ಲಿ ಓದಿದೆ" ಎಂದ.

ಅಂದರೆ ಇಷ್ಟೂ ವರ್ಷ ಅವನಿಗೆ ತಿಳಿದಿತ್ತು. ತಿಳಿದೂ ಪ್ರತಿ ದೀಪಾವಳಿಗೆ ಬಂದು ನಮಸ್ಕರಿಸಿ ಹೋಗುತ್ತಿದ್ದ. ನಾನು ಏನೂ ಹೇಳಲಾರದೆ ಕುಳಿತೆ. ಅವನೇ ಎದ್ದು ಗೇಟಿನ ಬಳಿ ಹೋಗಿ ಚಿಲಕವನ್ನು ಎರಡು ಬಾರಿ ಸರಿಸಿ ನೋಡಿ, "ಮುಂದಿನ ಮಳೆಗಾಲಕ್ಕೆ ಮೊದಲೇ ಒಂದು ಸಲ ಎಣ್ಣೆ ಹಾಕಿಬಿಡಿ ಸಾರ್" ಎಂದು ಹೇಳಿ, ಡಬ್ಬಿಯನ್ನು ನನಗೇ ಬಿಟ್ಟು ಹೊರಟ.

1986-87ರ ಹತ್ತನೆಯ ತರಗತಿಯಲ್ಲಿದ್ದವರು ನಿಮ್ಮಲ್ಲಿ ಕೆಲವರು ಇದನ್ನು ಓದುತ್ತಿರುವಿರಿ. ಆ ಎಂಟು ಏಟುಗಳನ್ನು ಎಣಿಸಿದವರು ನೀವು. ಎಲ್ಲರೆದುರು ಹೊಡೆದದ್ದನ್ನು ಜಗಲಿಯಲ್ಲಿ ಒಬ್ಬನೆದುರು ಒಪ್ಪಿಕೊಂಡರೆ ಸಾಲದೆಂದು ತೋರಿ, ಅವನ ಅನುಮತಿ ಪಡೆದು ನಿಮ್ಮೆಲ್ಲರೆದುರು ಬರೆದಿದ್ದೇನೆ. ಸೀಸೆ ಮುರಿದದ್ದು ಅವನ ಒರಟುತನದಿಂದಲ್ಲ, ನನ್ನ ಅಜಾಗ್ರತೆಯಿಂದ.

ಎಲ್ಲರಿಗೂ ಶುಭವಾಗಲಿ.